ಗಾಡಿಯ ಗಂಟಲಲ್ಲಿ ನಾನಿಟ್ಟ ಗಂಟು

ನನ್ನ ಮೊಮ್ಮಗಳು ಗೌತಮಿ ಇವತ್ತು ನಮ್ಮ ಕಾರಿನ ರೋಗ ಕಂಡುಹಿಡಿದಳು. ಹಗರಿಬೊಮ್ಮನಹಳ್ಳಿಯ ಗ್ಯಾರೇಜಿನವರೂ ಸೋತು ಕೈಬಿಟ್ಟಿದ್ದ ರೋಗ! ಬೆಳಗಿನಿಂದ ನಾನು ಕೂತಲ್ಲಿ ಕೂತಿಲ್ಲ, ನಿಂತಲ್ಲಿ ನಿಂತಿಲ್ಲ. ಈ ಹಿಗ್ಗಿನ ಜೊತೆಗೇ ಇನ್ನೊಂದನ್ನೂ ಬರೆಯಬೇಕು — ಆ ರೋಗ ಕೊಟ್ಟವಳು ನಾನು. ಕೊಟ್ಟು, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು, ತಪ್ಪನ್ನು ಸೊಸೆಯ ತಲೆಗೆ ಕಟ್ಟಿದವಳೂ ನಾನೇ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಬರಹ ಸೊಟ್ಟಗಿದ್ದರೆ ಸಹಿಸಿಕೊಳ್ಳಿ.

ನಮ್ಮದು ಕೊಟ್ಟೂರು. ಸೊಸೆ ರತ್ನ ಕೂಡ್ಲಿಗಿಯ ಆಸ್ಪತ್ರೆಯಲ್ಲಿ ನರ್ಸು. ಬಸ್ಸಿನಲ್ಲಿ ನಿಂತು ನಿಂತು ಸಾಕಾಗಿ, ತನ್ನ ಸಂಬಳದಲ್ಲೇ ಹಳೆಯ ಕಾರೊಂದನ್ನು ಕೊಂಡು, ತಾನೇ ಓಡಿಸಲು ಕಲಿತಳು. ನಮ್ಮ ಓಣಿಯಲ್ಲಿ ಕಾರು ಓಡಿಸಿದ ಮೊದಲ ಹೆಣ್ಣು. ಅವಳು ಹೊರಟಾಗ ಬಾಗಿಲಿಗೊಬ್ಬರು ನಿಂತು ನೋಡುತ್ತಿದ್ದರು. ನನಗೆ ಎಷ್ಟು ಹೆಮ್ಮೆಯೋ ಆ ಕಣ್ಣುಗಳ ಹೆದರಿಕೆಯೂ ಅಷ್ಟೇ.

ನಾವು ಬುದ್ಧನ ದಾರಿಗೆ ಬಂದ ಮೇಲೆ ದೃಷ್ಟಿ ತೆಗೆಯುವುದು, ನಿಂಬೆಹಣ್ಣು ಕಟ್ಟುವುದು ಎಲ್ಲ ಮನೆಯಲ್ಲಿ ನಿಂತಿತ್ತು. ನನ್ನ ಕೈಯಲ್ಲಿ ಮಾತ್ರ ನಿಂತಿರಲಿಲ್ಲ. ಹೊರಗೆ ಕಟ್ಟಿದರೆ ಮಗ ಕಿತ್ತು ಹಾಕುತ್ತಾನೆ. ಅದಕ್ಕೇ ಗಾಡಿ ಒರೆಸುವ ನೆಪದಲ್ಲಿ ಮುಂದಿನ ಮುಚ್ಚಳ ಎತ್ತಿ, ಉಪ್ಪು, ಸ್ಫಟಿಕ, ಒಣಮೆಣಸಿನಕಾಯಿ ಇಟ್ಟ ಕರಿ ಬಟ್ಟೆಯ ಗಂಟನ್ನು ಅಲ್ಲಿ ಬಾಯಿ ತೆರೆದಿದ್ದ ಕೊಳವೆಯೊಳಗೆ ತುರುಕಿದೆ. ಅದು ಗಾಡಿ ಉಸಿರೆಳೆಯುವ ಬಾಯಿ ಎಂದು ನನಗೇನು ಗೊತ್ತು — ಬೇಡ, ಅದನ್ನು ನೆಪ ಮಾಡುವುದಿಲ್ಲ. ಮುಂದೆ ಗೊತ್ತಾಯಿತಲ್ಲ.

ಮಳೆಗಾಲ ಕಳೆಯುವಷ್ಟರಲ್ಲಿ ಗಾಡಿ ಮುಗ್ಗರಿಸತೊಡಗಿತು. ನಿಂತಲ್ಲಿ ಚೆನ್ನಾಗಿಯೇ ಗುರುಗುಡುತ್ತಿತ್ತು, ಮೆಲ್ಲಗೆ ಹೋದರೆ ಹೋಗುತ್ತಿತ್ತು. ಜೋರಾಗಿ ಎಕ್ಸಿಲೇಟರ್ ಒತ್ತಿದಾಗ ಮಾತ್ರ ಉಸಿರು ಕಟ್ಟಿ ತಡವರಿಸುತ್ತಿತ್ತು. ಒಂದು ಸಲ ಲಾರಿ ದಾಟುವಾಗಲೇ ತಡವರಿಸಿ, ಎದುರಿಗೆ ಬಸ್ಸು ಬಂದು — ರತ್ನ ನಡುಗುತ್ತ ಮನೆ ಸೇರಿದಳು. ಪ್ಲಗ್ಗು ಬದಲಾಯಿತು, ಪೆಟ್ರೋಲ್ ಫಿಲ್ಟರ್ ಬದಲಾಯಿತು. ಒಬ್ಬ ಮೇಸ್ತ್ರಿ ನನ್ನೆದುರೇ, ಇದಕ್ಕೆ ಗಾಳಿ ಸಾಲುತ್ತಿಲ್ಲ ಎಂದು ಅದೇ ಕೊಳವೆಯನ್ನು ತಟ್ಟಿ, ಗಾಳಿಯ ಫಿಲ್ಟರ್ ಹೊಸದು ಹಾಕಿ ಹೋದ. ನನ್ನ ಗಂಟು ಅದರೊಳಗೇ ಇತ್ತು. ಕೈ ಹಾಕಿ ತೆಗೆದಿದ್ದರೆ ಮುಗಿಯುತ್ತಿತ್ತು. ತೆಗೆದರೆ ಸೊಸೆಗೆ ಕೆಡುಕಾದೀತೆಂಬ ಭಯ, ಹೇಳಿದರೆ ಮಾನ ಹೋದೀತೆಂಬ ನಾಚಿಕೆ — ಬಾಯಿಂದ ಬಂದದ್ದು ಮಾತ್ರ ಇದು:

"ನಿನ್ನ ಕಾಲಿಗೆ ಈ ಗಾಡಿ ಒಗ್ಗಂಗಿಲ್ಲವ್ವಾ ರತ್ನಾ. ತುಳಿದು ತುಳಿದು ನೀನ ಕೆಡಿಸೀದಿ."

ಅವಳು ಕೀಲಿಕೈಯನ್ನು ಗೋಡೆಯ ಮೊಳೆಗೆ ಹಾಕಿ, ಮತ್ತೆ ಬಸ್ಸು ಹತ್ತಿದಳು. ಗಾಡಿಯನ್ನು ಮಗ ಆಗೀಗ ಊರೊಳಗೆ ಮೆಲ್ಲಗೆ ಓಡಿಸಿಕೊಂಡಿದ್ದ. ವರ್ಷಗಳು ಹೋದವು. ಸಂಜೆ ಅವಳು ಬಸ್ಸಿಳಿದು ಊದಿದ ಕಾಲು ಎಳೆದುಕೊಂಡು ಬರುವುದನ್ನು ನೋಡುತ್ತಿದ್ದೆ. ನೋಡುತ್ತಲೇ ಇದ್ದೆ.

ಆಗ ಶಾಲೆಯ ಹುಡುಗಿಯಾಗಿದ್ದ ಗೌತಮಿ ಈಗ ಐಟಿಐನಲ್ಲಿ ಮೋಟಾರು ಕೆಲಸ ಕಲಿತು ಬಂದಿದ್ದಾಳೆ. ಇವತ್ತು ತಾಯಿಯನ್ನೇ ಹಿಡಿದು ತಂದು ಸ್ಟೇರಿಂಗ್ ಮುಂದೆ ಕೂರಿಸಿ, ಒತ್ತು ಎಂದಾಗ ಒತ್ತಬೇಕು ಎಂದಳು. ತಾನು ಬಗ್ಗಿ, ಮಗುವಿನ ಎದೆಗೆ ಕಿವಿ ಕೊಟ್ಟಂತೆ ಕಿವಿ ಕೊಟ್ಟಳು. ನನ್ನ ಮಗ ಕಟ್ಟೆಯ ಮೇಲೆ ಕೂತು ಚಾ ಕುಡಿಯುತ್ತಾ, "ಏನಲೇ ಡಾಕ್ಟರಮ್ಮ, ಪೇಷಂಟ್ ಉಳೀತೈತೇನು?" ಎಂದು ಕೆಣಕಿದ. ಅವಳು ತಲೆ ಎತ್ತಲಿಲ್ಲ. ಆ ಕೊಳವೆಯನ್ನು ಗಾಳಿ ಫಿಲ್ಟರಿನ ಡಬ್ಬಿಯಿಂದ ಬಿಚ್ಚಿ ಒತ್ತಿಸಿದಳು — ಗಾಡಿ ಗರ್ಜಿಸಿತು, ಅಂಗಳದ ಕೋಳಿಗಳು ಬೇಲಿ ಹಾರಿದವು. ಮತ್ತೆ ಜೋಡಿಸಿ ಒತ್ತಿಸಿದಳು — ಮತ್ತೆ ಉಸಿರು ಕಟ್ಟಿತು. ಎಂಥ ತಲೆ ನೋಡಿ! ಎಲ್ಲರೂ ಸಾಮಾನು ಬದಲಿಸಿದರು, ಇವಳೊಬ್ಬಳೇ ಕಿವಿಗೊಟ್ಟು ಕೇಳಿದಳು.

"ರೋಗ ಹೊಟ್ಟಿಯಾಗ ಇಲ್ಲಪ್ಪ, ಗಂಟಲಾಗ ಐತಿ," ಎಂದು ಕೊಳವೆಯೊಳಗೆ ಕೈ ತೂರಿಸಿದಳು. ಹೊರಬಂದದ್ದು ಉಪ್ಪು ಕರಗಿ ಜೋತುಬಿದ್ದ ಕರಿ ಬಟ್ಟೆ. ಒತ್ತಿದಾಗೆಲ್ಲ ಗಾಳಿಯ ಸೆಳೆತಕ್ಕೆ ಒಳಗೆ ಜಗ್ಗಿ ದಾರಿ ಮುಚ್ಚುತ್ತಿತ್ತಂತೆ. ಅದರ ಗಂಟು, ಒಳಗಿನ ಮೆಣಸಿನಕಾಯಿ ನೋಡಿದಳು. ನನ್ನ ಮುಖ ನೋಡಿದಳು. ಮುಷ್ಟಿ ಮುಚ್ಚಿ, "ಇಲಿ ತಂದಿಟ್ಟೈತಿ ಬಿಡ್ರಿ," ಎಂದಳು.

ನನ್ನ ಕೂಸು ನನ್ನನ್ನು ಉಳಿಸಲು ನೋಡಿತು. ಅಲ್ಲಿಗೆ ಸುಮ್ಮನಿದ್ದರೆ ಮುಗಿದಿತ್ತು. ಆದರೆ ರತ್ನ ಒಳಗೆ ಕೂತೇ ಇದ್ದಳು, ತನ್ನ ಕಾಲನ್ನೇ ನೋಡುತ್ತ — ಇಷ್ಟು ವರ್ಷ ತಪ್ಪು ಮಾಡಿದೆ ಎಂದುಕೊಂಡಿದ್ದ ಆ ಕಾಲನ್ನು.

"ಇಲಿ ಅಲ್ಲವ್ವಾ ರತ್ನಾ. ನಾನು. ನನಗ ಗೊತ್ತಿತ್ತು."

ರತ್ನ ಪಕ್ಕದ ಬಾಗಿಲು ತೆರೆದು, "ಹತ್ರಿ ಅತ್ತಿ," ಎಂದಳು, ಅಷ್ಟೇ. ಕೂಡ್ಲಿಗಿ ದಾರಿಯಲ್ಲಿ ಒಂದು ಲಾರಿಯನ್ನು ದಾಟಿದಳು, ಒಂದೇ ಉಸಿರಿಗೆ. ಬಯ್ಯಲಿಲ್ಲ. ಕ್ಷಮಿಸಿದೆ ಎಂದೂ ಅನ್ನಲಿಲ್ಲ. ನಾನು ಕೇಳಲೂ ಇಲ್ಲ.

ಸಂಜೆ ಎಲ್ಲರೂ ಸಾಲಾಗಿ ಉಣ್ಣಲು ಕೂತೆವು. ಬಿಸಿ ರೊಟ್ಟಿ, ಎಣ್ಣೆಗಾಯಿ, ಮೊಸರು. ಗೌತಮಿಯ ಉಗುರಲ್ಲಿ ಇನ್ನೂ ಗ್ರೀಸು. ನಾಳೆ ಡ್ಯೂಟಿಗೆ ನಾನು ಬಿಟ್ಟುಬರಲೇ ಎಂದು ಮಗ ಹೆಂಡತಿಯನ್ನು ಕೇಳಿದ. ರತ್ನ ತಟ್ಟೆಯ ಪಕ್ಕದಲ್ಲಿದ್ದ ಕೀಲಿಕೈಯನ್ನು ಎಡಗೈಯಿಂದ ತನ್ನತ್ತ ಎಳೆದುಕೊಂಡಳು. ನಾನು ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ.