ನಾನು ಮುಟ್ಟದ ತೋಳು

ಡಾಕ್ಟರಾಗಿ ಊರಿಗೆ ಬಂದ ಮೇಲೆ ಎರಡು ವರ್ಷ ನಾನು ಡಾಕ್ಟರಲ್ಲದವಳಾಗಿ ಬದುಕಿದೆ. ತೊಂಬತ್ತರ ದಶಕದ ನಡುವಿನ ಮಾತು. ಆರು ವರ್ಷ ರಷ್ಯಾದ ಚಳಿಯಲ್ಲಿ ಓದಿ, ಆ ಭಾಷೆ ಕಲಿತು, ಪಾಸಾಗಿ ಶಿಕಾರಿಪುರಕ್ಕೆ ಮರಳಿದ್ದೆ. ಬೆಂಗಳೂರಿನ ನೋಂದಣಿ ಕಚೇರಿಯ ಗುಮಾಸ್ತ ನನ್ನ ಕಾಗದಗಳನ್ನು ಬೆರಳ ತುದಿಯಲ್ಲಿ ಸರಿಸಿ, "ಸೇರಿದ್ದು ಒಂದು ದೇಶದಲ್ಲಿ, ಪಾಸಾಗಿದ್ದು ಇನ್ನೊಂದು ದೇಶದಲ್ಲಿ. ಇದು ಹೇಗಮ್ಮ?" ಎಂದ. ನಾನು ಓದುತ್ತಿದ್ದಾಗಲೇ ಆ ದೇಶ ಒಡೆದುಹೋಯಿತು, ನಾನು ಕಾಲೇಜು ಬದಲಿಸಿಲ್ಲ, ಅದೇ ಕಟ್ಟಡ, ಅದೇ ಬೆಂಚು ಎಂದು ವಿವರಿಸಿದೆ. "ಹಾಗಂತ ಅಲ್ಲಿಂದ ಬರೆಸ್ಕೊಂಡು ಬನ್ನಿ" ಎಂದ. ದೇಶ ಒಡೆದದ್ದಕ್ಕೆ ನನ್ನಿಂದ ಸರ್ಟಿಫಿಕೇಟು ಕೇಳಿದ ಆ ಮನುಷ್ಯನನ್ನು ಇವತ್ತಿಗೂ ಕ್ಷಮಿಸಿಲ್ಲ.

ಬರೆಸಿಕೊಂಡು ಬಂದರೆ ತರ್ಜುಮೆಗೆ ಮೊಹರು ಇಲ್ಲ. ಮೊಹರು ಹಾಕಿಸಿದರೆ, ನಮ್ಮ ಕಾಲೇಜು ಪಟ್ಟಿಯಲ್ಲಿ ಇದೆಯೋ ಇಲ್ಲವೋ ಎಂದು ದೆಹಲಿಗೆ ಬರೆದು ಕೇಳಬೇಕು. ಉತ್ತರ ಬಂದು ನೋಂದಣಿ ಸಂಖ್ಯೆ ಸಿಗುವವರೆಗೆ ನಾನು ಒಂದು ಚೀಟಿ ಬರೆಯುವಂತಿಲ್ಲ, ಒಬ್ಬ ರೋಗಿಯನ್ನು ಮುಟ್ಟುವಂತಿಲ್ಲ. ಮುಟ್ಟಿದೆನೆಂದು ಯಾರಾದರೂ ದೂರು ಕೊಟ್ಟರೆ ಸಂಖ್ಯೆಯ ಆಸೆಯನ್ನೇ ಬಿಡಬೇಕು.

ಅಪ್ಪನದು ಬಟ್ಟೆ ಅಂಗಡಿ. ಸೀರೆ ನೋಡಲು ಬಂದವರೆಲ್ಲ, "ಮಗಳಿಗೆ ಲೈಸೆನ್ಸ್ ಬಂತೇನ್ರೀ?" ಎಂದು ಬ್ರಾಂದಿ ಅಂಗಡಿಯವರನ್ನು ಕೇಳುವ ಹಾಗೆ ಕೇಳುತ್ತಿದ್ದರು. ಇಲ್ಲಿ ಸೀಟು ಸಿಗದ ದಡ್ಡಿ, ದುಡ್ಡು ಸುರಿದು ಡಿಗ್ರಿ ತಂದಿದ್ದಾಳೆ ಎಂಬುದು ಬೆನ್ನ ಹಿಂದಿನ ಮಾತು. ಸೀಟು ಸಿಗದ್ದು ನಿಜ, ಅದನ್ನು ನಾನು ಮುಚ್ಚಿಟ್ಟಿರಲಿಲ್ಲ. ಆದರೆ ಹಾಗೆ ಆಡಿಕೊಂಡವರಲ್ಲಿ ಅರ್ಧಕ್ಕರ್ಧ ಜನ ಜ್ವರ ಬಂದರೆ ಹೋಗುತ್ತಿದ್ದುದು ಸೊರಬದ ದಾರಿಯ ಒಂದು ಹಳ್ಳಿಯಲ್ಲಿದ್ದ ಇಂಜೆಕ್ಷನ್ ಡಾಕ್ಟರ ಹತ್ತಿರ. ಅವನು ಯಾವ ದೇಶದಲ್ಲೂ ಓದಿದವನಲ್ಲ. ಯಾರದೋ ದವಾಖಾನೆಯಲ್ಲಿ ಕೆಲವು ವರ್ಷ ಬಾಟಲಿ ತೊಳೆದು, ಸೂಜಿ ಹಿಡಿಯುವುದನ್ನು ನೋಡಿ ಕಲಿತಿದ್ದ. ಒಂದೇ ಸೂಜಿ ಬೆಳಿಗ್ಗೆಯಿಂದ ಸಂಜೆಯವರೆಗೆ ಊರಿಗೆಲ್ಲ ಚುಚ್ಚುತ್ತಿತ್ತು. ಅವನಿಗೆ ಸಂಖ್ಯೆ ಇದೆಯೇ ಎಂದು ಒಬ್ಬನೂ ಕೇಳಲಿಲ್ಲ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಹಾಗೆ ಕಾಯುತ್ತಿದ್ದ ಎರಡನೇ ಬೇಸಿಗೆಯಲ್ಲಿ ಕುರಿ ಸಾಕುವ ಒಂದು ಕುಟುಂಬ ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿತ್ತು. ಒಂದು ಬೆಳಿಗ್ಗೆ ಆ ಮನೆಯ ಹೆಂಗಸು ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ನಮ್ಮ ಹಿತ್ತಲಿಗೆ ಬಂದಳು. ಇಂಜೆಕ್ಷನ್ ಡಾಕ್ಟರ್ ಚುಚ್ಚಿದ ಜಾಗದಲ್ಲಿ ಮಗುವಿನ ತೋಳು ಬದನೆಕಾಯಿಯಷ್ಟು ಊದಿ, ಕೀವು ತುಂಬಿ ಹೊಳೆಯುತ್ತಿತ್ತು. ಮೈ ಕೆಂಡ. ದೊಡ್ಡಾಸ್ಪತ್ರೆಗೆ ಹೋಗು ಎಂದು ಗದರಿದೆ. "ಹೋಗಿದ್ವಿ ರೀ ಅಕ್ಕಾರೆ. ಡಾಕ್ಟ್ರು ರಜಾದಾಗ ಅದಾರ, ಶಿವಮೊಗ್ಗಕ್ಕ ಹೋಗ್ರಿ ಅಂದ್ರು. ಮಂದಿ ಬಿಟ್ಟು ಯಾರ್ ಹೋಗಬೇಕ್ರೀ?" ಎಂದಳು. ಅವಳು ಬಿಡಲಾರೆ ಎಂದದ್ದು ಜನರನ್ನಲ್ಲ, ಕುರಿಗಳನ್ನು. ಅದಕ್ಕೂ ನನಗೆ ಸಿಟ್ಟು ಬಂತು. ಆದರೆ ಆ ಮಗು ಅಳುವುದನ್ನೂ ಬಿಟ್ಟಿತ್ತು. ಅಳದ ಮಗುವನ್ನು ಕಂಡು ಸುಮ್ಮನಿರುವುದನ್ನು ನನಗೆ ಯಾರೂ ಕಲಿಸಿರಲಿಲ್ಲ.

ರಷ್ಯಾದಿಂದ ತಂದಿದ್ದ ಚಿಕ್ಕ ಕತ್ತಿಯನ್ನು ಅನ್ನದ ಪಾತ್ರೆಯಲ್ಲಿ ಕುದಿಸಿದೆ. ನನ್ನ ಅಮ್ಮ ಮಗುವಿನ ಕಾಲು ಹಿಡಿದುಕೊಂಡಳು. ಕೊಯ್ದು ಕೀವು ತೆಗೆದು, ಪಟ್ಟಿ ಕಟ್ಟಿ, ಅಂಗಡಿಯಿಂದ ಔಷಧಿ ತರಿಸಿದೆ. ಹತ್ತು ದಿನ ದಿನವೂ ನಾನೇ ಪಟ್ಟಿ ಬದಲಿಸಿದೆ. ಹನ್ನೊಂದನೇ ದಿನ ಮಗು ನಮ್ಮ ಹಿತ್ತಲಲ್ಲಿ ಕೋಳಿ ಅಟ್ಟಿಸಿಕೊಂಡು ಓಡಿತು. ಯಾರಿಗೂ ಹೇಳಬೇಡ ಎಂದು ತಾಯಿಗೆ ಹೇಳಿದೆ. ಆಕೆ ಉಡುತಡಿಯ ತವರಿನಿಂದ ಹಿಡಿದು ಸಂತೆಯವರೆಗೆ ಸಿಕ್ಕವರಿಗೆಲ್ಲ ತೋಳು ತೋರಿಸಿಕೊಂಡು ಬಂದಳು.

ಇಂಜೆಕ್ಷನ್ ಡಾಕ್ಟರ್ ಬಿಟ್ಟಾನೆಯೇ? ನೋಂದಣಿ ಇಲ್ಲದೆ ಶಸ್ತ್ರಚಿಕಿತ್ಸೆ ಮಾಡುತ್ತಾಳೆ ಎಂದು ನನ್ನ ಮೇಲೆ ಸೊರಬದ ಕಚೇರಿಗೆ ಅರ್ಜಿ ಬರೆದ. ಬರೆದವನು ಅವನು! ವಿಚಾರಣೆಗೆ ಜಿಲ್ಲೆಯಿಂದ ಒಬ್ಬ ಅಧಿಕಾರಿ ಸೊರಬಕ್ಕೆ ಬರುತ್ತಾರೆ, ತಾಯಿಯನ್ನೂ ಮಗುವನ್ನೂ ಕರೆತರಬೇಕು ಎಂದು ನನಗೆ ನೋಟಿಸು ಬಂತು.

ಸೊರಬದಲ್ಲಿದ್ದ ನನ್ನ ಸೋದರಮಾವ ಎಲ್ಲವನ್ನೂ ತಾನೇ ನಿಭಾಯಿಸುವುದಾಗಿ ಹೇಳಿದ. ಬಸ್‌ ನಿಲ್ದಾಣದಲ್ಲಿ ನಾವು ಇಳಿಯುತ್ತಲೇ ಆ ತಾಯಿಗೆ ಪಾಠ ಶುರು ಮಾಡಿದ: "ಹುಣ್ಣು ತಾನಾಗೇ ಒಡೀತು ಅಂತ ಹೇಳು. ಇವಳು ಮುಟ್ಟಲಿಲ್ಲ ಅನ್ನು, ಸಾಕು."

ಆಕೆ ತಲೆ ಅಲ್ಲಾಡಿಸಿದಳು. "ವಾಸಿ ಮಾಡಿದೋರ್ನ ಮಾಡಿಲ್ಲ ಅಂದ್ರ ರೋಗ ತಿರುಗಿ ಬರ್ತೈತ್ರೀ."

"ನೋಡು ಮಾರಾಯ್ತಿ, ಇಂಥವಳಿಗೆ ಉಪಕಾರ ಮಾಡಿದ್ಯಲ್ಲ!" ಎಂದು ಮಾವ ನನಗೆ ಬೈದ.

ವಿಚಾರಣೆಯ ಕೋಣೆಯಲ್ಲಿ ಇಂಜೆಕ್ಷನ್ ಡಾಕ್ಟರ್ ಇಸ್ತ್ರಿ ಮಾಡಿದ ಸಫಾರಿ ಹಾಕಿ, ಮದುವೆಗೆ ಬಂದವನ ಹಾಗೆ ಕೂತಿದ್ದ. ಅಧಿಕಾರಿ ತಾಯಿಯನ್ನು ಕೇಳಿದರು. ಆಕೆ ಮಗುವನ್ನು ಮೇಜಿನ ಮೇಲೆಯೇ ನಿಲ್ಲಿಸಿ, "ಈ ಅಕ್ಕಾರೇ ರೀ! ಕೊಯ್ದ್ರು, ಕೀವು ತಗದ್ರು, ಹತ್ತು ದಿನ ಪಟ್ಟಿ ಕಟ್ಟಿದ್ರು. ಒಂದು ಪೈಸೆ ಮುಟ್ಟಲಿಲ್ಲ. ಇವರ ಹೊಟ್ಟಿ ತಣ್ಣಗಿರಲಿ" ಎಂದು ಗಟ್ಟಿಯಾಗಿ ಹೇಳಿದಳು. ನನ್ನ ಬಗ್ಗೆ ಅಷ್ಟು ಒಳ್ಳೆಯ ಮಾತನ್ನು ಅದಕ್ಕೂ ಮೊದಲು ಯಾರೂ ಆಡಿರಲಿಲ್ಲ. ಅವಳ ಬಾಯಿಗೆ ಬಟ್ಟೆ ತುರುಕಬೇಕೆನಿಸಿತು.

ಅಧಿಕಾರಿ ಬರೆಯುವುದನ್ನು ನಿಲ್ಲಿಸಿದರು. ಕೆಟ್ಟ ಮನುಷ್ಯನಲ್ಲ, ದಣಿದಿದ್ದರು. "ನೀವೇನಂತೀರಮ್ಮ? ಇಲ್ಲ ಅಂದ್ರೆ ಇಲ್ಲ ಅಂತಾನೇ ಬರ್ಕೋತೀನಿ. ಹಳ್ಳಿ ಹೆಂಗಸು, ಏನೋ ತಪ್ಪು ತಿಳ್ಕೊಂಡಿದಾಳೆ."

ನನಗೆ ಗುಮಾಸ್ತನ ಬೆರಳು ಕಂಡಿತು, ಸೀರೆ ಅಂಗಡಿಯ ನಗು ಕೇಳಿಸಿತು. ನನ್ನ ಆರು ವರ್ಷ ಆ ಪೆನ್ನಿನ ತುದಿಯಲ್ಲಿ ನಿಂತಿತ್ತು.

"ಮುಟ್ಟಿಲ್ಲ ಸಾರ್. ಆಸ್ಪತ್ರೆಗೆ ಕರ್ಕೊಂಡು ಹೋಗು ಅಂತ ಹೇಳಿದ್ದೆ, ಅಷ್ಟೆ" ಎಂದೆ.

ತಾಯಿ ಗಾಬರಿಯಾಗಿ ಮಗುವಿನ ಅಂಗಿ ಸರಿಸಿ, ಗಾಯದ ಗುರುತನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. ಮತ್ತೆ ಕೀವು ಬಂತೇ ಎಂದು ಅಲ್ಲೇ, ಎಲ್ಲರೆದುರು ಹುಡುಕಿದಳು. ಇಂಜೆಕ್ಷನ್ ಡಾಕ್ಟರ್ ಕೂಡ ನಗುವುದನ್ನು ನಿಲ್ಲಿಸಿ ಅದನ್ನೇ ನೋಡುತ್ತಿದ್ದ.

ಅರ್ಜಿ ವಜಾ ಆಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಸಂಖ್ಯೆ ಬಂತು. ಶಿಕಾರಿಪುರದ ಬಸ್‌ ನಿಲ್ದಾಣದ ಹತ್ತಿರವೇ ಕ್ಲಿನಿಕ್ ತೆರೆದೆ. ಮುಂದಿನ ಬೇಸಿಗೆಯಲ್ಲಿ ಒಂದು ದಿನ ಆ ತಾಯಿ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಬಾಗಿಲ ಮುಂದೆಯೇ ಹಾದುಹೋದಳು. ಓಡಿಹೋಗಿ ತಡೆದೆ. ಮಗುವಿನ ಹಣೆ ಸುಡುತ್ತಿತ್ತು. ಇಂಜೆಕ್ಷನ್ ಡಾಕ್ಟರ ಹತ್ತಿರ ಹೊರಟಿದ್ದೇನೆ ಎಂದಳು. ಈಗ ನನಗೆ ಅನುಮತಿ ಸಿಕ್ಕಿದೆ, ಒಳಗೆ ಬಾ ಎಂದು ಬೇಡಿಕೊಂಡೆ.

ಆಕೆ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ ನನ್ನಿಂದ ದೂರ ಮಾಡಿದಳು. ಮುಖದಲ್ಲಿ ಸಿಟ್ಟು ಇರಲಿಲ್ಲ. "ಬ್ಯಾಡ್ರೀ ಅಕ್ಕಾರೆ. ನಾಳೆ ಮತ್ತ ನೀವು ಮುಟ್ಟಿಲ್ಲ ಅಂದ್ರ ನಾ ಏನು ಮಾಡ್ಲಿ?" ಎಂದು ಸೊರಬದ ಬಸ್ಸು ಹತ್ತಿದಳು.