ತಾಂಬೂಲ ತಗೊಂಡು ಹಾಕಿದ ಸಹಿ

ನಮ್ಮ ಕ್ರಾಸಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಬೆಳಿಗ್ಗೆ ಐದೂವರೆಗೆ. ಬಂದದ್ದು ಗೇಟಿನ ಪಕ್ಕ ನೆಲದಡಿಯ ಸಂಪು ತೊಟ್ಟಿಗೆ ಬೀಳುತ್ತದೆ. ಕುಡಿಯೋದಕ್ಕೂ ಅದೇ, ಅಡುಗೆಗೂ ಅದೇ. ಸಂಪಿನ ಬಾಯಿಂದ ಒಂಬತ್ತು ಅಡಿ ದೂರಕ್ಕೆ, ರಸ್ತೆ ಮಧ್ಯೆ, ಒಳಚರಂಡಿಯ ಮ್ಯಾನ್‌ಹೋಲ್. ಒಂಬತ್ತಡಿ ಅಂತ ಅಂದಾಜಿಗೆ ಹೇಳುತ್ತಿಲ್ಲ, ಟೇಪು ಹಿಡಿದು ಅಳೆದಿದ್ದೇನೆ. ಅದರಡಿ ಇರುವುದು ಹನ್ನೆರಡು ಮನೆಗೆ ಅಂತ ಹಾಕಿದ ಆರಿಂಚಿನ ಪೈಪು. ಈಗಲೂ ಹನ್ನೆರಡೇ ಮನೆ, ಆದರೆ ಒಂದೊಂದರ ತಲೆ ಮೇಲೂ ಎರಡೆರಡು ಬಾಡಿಗೆ ಮಹಡಿ. ಜೋರು ಮಳೆ ಬಂದರೆ ಮುಚ್ಚಳ ಎದ್ದು ಹೊಲಸು ಉಕ್ಕುತ್ತದೆ. ಹೋದ ಮಳೆಗಾಲದಲ್ಲಿ ನಮ್ಮ ಗೇಟು ದಾಟಿ ಒಳಗೇ ಬಂತು. ಸಂಪಿಗೆ ಇಳಿಯುವುದಕ್ಕೆ ನಾಲ್ಕು ಬೆರಳು ಬಾಕಿ ಇತ್ತು.

ಇಂಥ ರಸ್ತೆಯ ಕೊನೆಯಲ್ಲಿ, ಖಾಲಿ ಬಿದ್ದಿದ್ದ ಜಾಗದಲ್ಲಿ ಇನ್ನೂರು ಜನರ ಸ್ಟೂಡೆಂಟ್ ಹಾಸ್ಟೆಲ್ ಬರುತ್ತದೆ ಅಂತ ಬೋರ್ಡು ಬಿತ್ತು. ಐದು ಅಂತಸ್ತು. ಜಾಗ ಇಲ್ಲಿನ ಹಳೇ ಮನೆತನದವರದ್ದು. ಬಿಳೇಕಹಳ್ಳಿ ಹಳ್ಳಿಯೇ ಆಗಿದ್ದ ಕಾಲದಲ್ಲಿ ಇಲ್ಲಿ ರಾಗಿ ಬೆಳೆದವರು, ನಮಗೆಲ್ಲ ಸೈಟು ಮಾರಿದವರು. ಆ ಮನೆ ಯಜಮಾನರನ್ನು ಇಡೀ ರಸ್ತೆ ‘ಅಣ್ಣ’ ಅನ್ನುತ್ತದೆ. ಕಟ್ಟುವವನು ಮಾತ್ರ ಹೊರಗಿನ ಬಿಲ್ಡರ್.

ಬೋರ್ಡು ನೋಡಿ ನಾವೆಲ್ಲ ಗೊಣಗುತ್ತಿರುವಾಗಲೇ ಅಣ್ಣನ ಹೆಂಡತಿ ಕುಂಕುಮದ ಭರಣಿ ಹಿಡಿದು ಮನೆಮನೆಗೆ ಬಂದರು. ‘ಗುರುವಾರ ಗುದ್ದಲಿ ಪೂಜೆ ಅಕ್ಕ. ತಪ್ಪಿಸ್ಬೇಡಿ.’ ಕುಂಕುಮ ಇಟ್ಟು ಕರೆದವರಿಗೆ ಬರಲ್ಲ ಅನ್ನುವುದುಂಟೇ? ಅಣ್ಣನ ಮನೆ ಬಿಟ್ಟು, ಕಟ್ಟಡ ಬೇಡ ಅನ್ನುವ ಹನ್ನೊಂದೂ ಮನೆಯವರು ರೇಷ್ಮೆ ಸೀರೆ ಉಟ್ಟುಕೊಂಡು ಕಟ್ಟಡದ ಪೂಜೆಗೆ ಹೋದೆವು. ಕೇಸರಿಬಾತ್ ಚೆನ್ನಾಗಿತ್ತು, ಇಲ್ಲ ಅನ್ನಲಾರೆ. ಹೊರಡುವಾಗ ತಾಂಬೂಲ ಕೊಡುವ ಟೇಬಲ್ಲಿನ ಹತ್ತಿರ ಬಿಲ್ಡರ್ ಕಡೆಯವನೊಬ್ಬ ಪುಸ್ತಕ ಇಟ್ಟುಕೊಂಡು ಕೂತಿದ್ದ. ‘ಮೇಡಂ, ಹೆಸರು, ಮನೆ ನಂಬರು, ಒಂದು ಸಹಿ. ಯಾರ್ಯಾರಿಗೆ ಸ್ವೀಟ್ ಬಾಕ್ಸ್ ಹೋಯ್ತು ಅಂತ ಗೊತ್ತಾಗ್ಬೇಕಲ್ಲ.’ ಒಂದು ಕೈಯಲ್ಲಿ ತೆಂಗಿನಕಾಯಿ, ಬ್ಲೌಸ್ ಪೀಸು. ಇನ್ನೊಂದು ಕೈಯಲ್ಲಿ ಸಹಿ ಹಾಕಿದೆ. ಮೊದಲನೇ ಸಹಿಯೇ ನನ್ನದು.

ಅದಾದ ಭಾನುವಾರ ನಮ್ಮ ಕಾರ್ ಪಾರ್ಕಿಂಗಿನಲ್ಲಿ ರಸ್ತೆಯವರ ಮೀಟಿಂಗ್. ಎದುರು ಮನೆಯ ನಿವೃತ್ತ ಅಂಕಲ್ ಎದ್ದು ನಿಂತರು, ಕೂರಲೇ ಇಲ್ಲ. ‘ಹುಡುಗರು ಬಂದ್ರೆ ಏರಿಯಾ ಕೆಡುತ್ತೆ. ಚಡ್ಡಿ ಹಾಕ್ಕೊಂಡು ಓಡಾಡ್ತಾರೆ, ಸಿಗರೇಟು ಸೇದ್ತಾರೆ.’

ಅವರ ಹೆಂಡತಿ ಹಿಂದಿನ ಕುರ್ಚಿಯಿಂದ, ‘ರೀ, ನೀವೂ ಚಡ್ಡೀಲೇ ತಾನೇ ವಾಕಿಂಗ್ ಹೋಗೋದು?’ ಅಂದರು.

ಎಲ್ಲ ನಕ್ಕರು. ನನಗೆ ನಗು ಬರಲಿಲ್ಲ. ನಮ್ಮ ಮಹಡಿ ಮೇಲೂ ಮೂವರು ಓದುವ ಹುಡುಗಿಯರಿದ್ದಾರೆ. ನನಗೆ ಸೊಂಟ ಹಿಡಿದಾಗ ವಾರವಿಡೀ ಗ್ಯಾಸ್ ಸಿಲಿಂಡರ್ ಎತ್ತಿಟ್ಟು, ಮೊಸರು ತಂದುಕೊಟ್ಟವರು ಅವರೇ. ‘ಅಂಕಲ್, ಚಡ್ಡಿ ವಿಷಯ ಬಿಡಿ. ಇನ್ನೂರು ಜನ ಬೆಳಿಗ್ಗೆ ಒಟ್ಟಿಗೆ ಸ್ನಾನ ಮಾಡಿದ್ರೆ ಆ ನೀರು ಎಲ್ಲಿಗೆ ಹೋಗುತ್ತೆ ಹೇಳಿ’ ಅಂದೆ. ಹೊಸ ಪೈಪು ಹಾಕುವ ತನಕ ಕಟ್ಟಬಾರದು, ಇಷ್ಟೇ ಅರ್ಜಿ ಅಂತ ಕೊನೆಗೆ ಎಲ್ಲರೂ ಒಪ್ಪಿಕೊಂಡರು.

ಅರ್ಜಿ ಹಿಡಿದು ನಾನೂ ಅಂಕಲ್ಲೂ ಪಾಲಿಕೆ ಆಫೀಸಿಗೆ ಹೋದೆವು. ಇಂಜಿನಿಯರ್ ಓದಲೂ ಇಲ್ಲ. ಫೈಲು ತೆಗೆದು ನಮ್ಮ ಕಡೆ ತಿರುಗಿಸಿದರು. ‘ಎಲ್ಲರೂ ಒಪ್ಪಿಗೆ ಕೊಟ್ಟಿದ್ದೀರಲ್ಲ ಮೇಡಂ.’

ಜೆರಾಕ್ಸ್ ಹಾಳೆ. ತಲೆ ಮೇಲೆ ಟೈಪ್ ಮಾಡಿದ ಒಂದು ಸಾಲು: ಈ ಕಟ್ಟಡಕ್ಕೆ ನಮ್ಮದೇನೂ ಅಭ್ಯಂತರವಿಲ್ಲ. ಅದರ ಕೆಳಗೆ ಹನ್ನೆರಡು ಸಹಿ. ಪೂಜೆ ದಿನ ಆ ಸಾಲು ಇರಲಿಲ್ಲ, ಆಣೆ ಮಾಡಿ ಹೇಳಬಲ್ಲೆ. ‘ಇದು ತಾಂಬೂಲಕ್ಕೆ ಹಾಕಿದ ಸಹಿ ಸಾರ್’ ಅಂದೆ. ‘ಸಹಿ ನಿಮ್ಮದೇ ತಾನೇ?’ ಅಂದರು. ಕಿವಿ ಬಿಸಿಯಾಯಿತು. ಹಾಲಿನವನ ಚೀಟಿಯನ್ನೂ ಎರಡು ಸಲ ಓದುವವಳು ನಾನು!

ಆ ಹಾಳೆಯದೊಂದು ಕಾಪಿ ಇಸಕೊಂಡು ಅಲ್ಲಿಂದ ನೇರ ಅಣ್ಣನ ಮನೆಗೆ ನಡೆದೆ. ಅವರ ಹೆಂಡತಿ ಹಾಳೆ ನೋಡಿ, ‘ಅಯ್ಯೋ, ನಂಗೆ ಗೊತ್ತಿಲ್ಲ ಅಕ್ಕ, ದೇವ್ರಾಣೆ’ ಅಂದು ಗಂಡನ ಮುಖ ನೋಡಿದರು. ಅಣ್ಣ ಟೀವಿ ಸದ್ದು ಸಣ್ಣದು ಮಾಡಿದರು. ‘ನೀವೆಲ್ಲ ಮನೆ ಕಟ್ಟುವಾಗ ಪೈಪೇ ಇರಲಿಲ್ಲ. ನಿಮ್ಮ ಬಚ್ಚಲ ನೀರು ಎರಡು ವರ್ಷ ನಮ್ಮ ಹೊಲಕ್ಕೆ ಹರೀತು. ನಾವು ಅರ್ಜಿ ಬರೆದ್ವಾ?’

ಆ ಮಾತು ನಿಜ. ಹರಿದಿತ್ತು, ನಾವ್ಯಾರೂ ಕೇಳಿರಲಿಲ್ಲ. ಆದರೂ ಹೇಳಿದೆ, ‘ಅದು ನಮ್ಮ ತಪ್ಪು ಅಣ್ಣ. ಅವತ್ತೇ ಬೈಬೇಕಿತ್ತು ನೀವು. ಅದಕ್ಕೆ ಈಗ ಕುಂಕುಮ ಕೊಟ್ಟು ಕರೆದು ಮೋಸ ಮಾಡೋದಾ?’ ಅಣ್ಣ ಮತ್ತೆ ಟೀವಿ ಸದ್ದು ಏರಿಸಿದರು.

ಆ ವಾರವೇ ಮನೆಮನೆ ತಿರುಗಿ, ಮೋಸದಿಂದ ಪಡೆದ ಸಹಿ ಅಂತ ಹನ್ನೊಂದು ಕಾಗದ ಬರೆಸಿ ಆಫೀಸಿಗೆ ಕೊಟ್ಟೆ. ಹನ್ನೆರಡನೆಯದು ಅಣ್ಣನ ಮನೆ, ಅಲ್ಲಿ ಕೇಳಲಿಲ್ಲ. ಮಳೆಗಾಲ ಹತ್ತಿರ ಬರುತ್ತಿತ್ತು. ಗಾರೆಯವರನ್ನು ಕರೆಸಿ ನಮ್ಮ ಸಂಪಿನ ಬಾಯಿಗೆ ಎರಡು ವರಸೆ ಇಟ್ಟಿಗೆ ಕಟ್ಟಿಸಿದೆ. ಯಾರದೋ ಕಟ್ಟಡ, ನನ್ನ ಮನೆಯಂಗಳದಲ್ಲಿ ಸಿಮೆಂಟು.

ಮೂರು ವಾರಕ್ಕೆ ಇಂಜಿನಿಯರ್ ಸ್ಥಳ ನೋಡಲು ಬಂದರು. ಮ್ಯಾನ್‌ಹೋಲ್ ಕಡೆ ತಲೆ ಹಾಕಲಿಲ್ಲ. ನಮ್ಮ ಗೇಟಿನೊಳಗೆ ಇಣುಕಿ, ಇಟ್ಟಿಗೆ ನೋಡಿ ಮುಖ ಅರಳಿಸಿದರು. ‘ಎತ್ತರ ಮಾಡಿಸಿದ್ದೀರಲ್ಲ ಮೇಡಂ! ಪ್ರಾಬ್ಲಂ ಸಾಲ್ವ್ ಆಯ್ತು.’ ಅಷ್ಟು ಹೇಳಿ ಬರೆದುಕೊಳ್ಳಲು ಪೆನ್ನು ತೆಗೆದರು.

ಮೈಯೆಲ್ಲ ಉರಿಯಿತು. ‘ಪೆನ್ನು ಒಳಗಿಡಿ ಸಾರ್. ಇದು ಒಂದು ಮನೆ. ಉಳಿದದ್ದು ನೋಡಿ, ಆಮೇಲೆ ಬರೀರಿ’ ಅಂದು ಗೇಟಿನಿಂದ ಗೇಟಿಗೆ ಕರೆದುಕೊಂಡು ಹೊರಟೆ. ಎದುರು ಮನೆ ಅಂಕಲ್ಲೇ ಬಗ್ಗಿ ಸಂಪಿನ ಮುಚ್ಚಳ ಎತ್ತಿದರು, ಚಡ್ಡಿಯಲ್ಲೇ. ನೆಲಕ್ಕೆ ಸಮನಾಗಿತ್ತು ಬಾಯಿ. ಮುಂದಿನ ಮನೆಯದೂ ಹಾಗೇ. ಅದರ ಮುಂದಿನದೂ. ಇಂಜಿನಿಯರ್ ಪ್ರತಿ ಮನೆಯಲ್ಲೂ ಬಗ್ಗಿ ಟೇಪು ಹಿಡಿಯಬೇಕಾಯಿತು, ಅಂಗಿ ಬೆನ್ನಿಗೆ ಅಂಟಿತು. ‘ಗೊತ್ತಾಯ್ತು ಮೇಡಂ, ಸಾಕು’ ಅಂದರು. ‘ಸಹಿ ಹನ್ನೆರಡು ಎಣಿಸಿದ್ರಲ್ಲ, ಸಂಪೂ ಹನ್ನೆರಡು ಎಣಿಸಿ’ ಅಂದೆ.

ರಸ್ತೆ ಇಳಿಜಾರು. ಉಕ್ಕಿದ್ದು ಕೊನೆಗೆ ಹೋಗಿ ನಿಲ್ಲುವುದು ಅಣ್ಣನ ಮನೆ ಮುಂದೆ. ಅಲ್ಲಿಗೆ ಹೋಗಬೇಕೋ ಬೇಡವೋ ಅಂತ ನಾನು ನಿಂತೆ. ಗೇಟು ಒಳಗಿನಿಂದಲೇ ತೆರೆಯಿತು. ಅಣ್ಣನ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಬ್ಬಿಣದ ಮುಚ್ಚಳವನ್ನು ಒಬ್ಬರೇ ಪಕ್ಕಕ್ಕೆ ಎಳೆದರು.

‘ನಮ್ದೂ ಅಳೀರಿ ಸಾರ್. ಎಲ್ಲರಿಗಿಂತ ತಗ್ಗಲ್ಲಿರೋದು ನಮ್ದೇ. ಬರ್ಕೊಳ್ಳಿ.’

ಒಳಗಿನಿಂದ ಅಣ್ಣ ಹೆಂಡತಿಯನ್ನು ಕೂಗುತ್ತಿದ್ದರು. ಅವರು ಅತ್ತ ತಿರುಗಲೂ ಇಲ್ಲ. ಇಂಜಿನಿಯರ್ ಮೊಣಕಾಲೂರಿ ಕೂತು ಟೇಪು ಎಳೆದರು, ಅದರ ಇನ್ನೊಂದು ತುದಿಯನ್ನು ನಾನು ಹಿಡಿದುಕೊಂಡೆ.