ಹೊತ್ತು ಮುಳುಗಿದ ಮೇಲೆ ಗಿಡಕ್ಕೂ ಊಟವಿಲ್ಲ

ಗೆಳೆಯರೇ, ಹಾಸನದಲ್ಲಿ ಕೆಲಸ ಮುಗಿಸಿ ಚನ್ನರಾಯಪಟ್ಟಣದ ಮನೆಗೆ ಬಂದರೆ ನನ್ನ ಅಕ್ವೇರಿಯಂ ಕತ್ತಲಲ್ಲಿತ್ತು. ಒಳಗಿನ ಗಿಡಗಳು ಚೆನ್ನಾಗಿ ಹಬ್ಬಲಿ ಎಂದು ಮೊನ್ನೆಯಷ್ಟೇ ಹೊಸ ಲೈಟು ಹಾಕಿಸಿದ್ದೆ. ಅದನ್ನು ಆಫ್ ಮಾಡಿದ್ದು ಅತ್ತೆ. ನಮ್ಮದು ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಅವರು ಉಣ್ಣುವುದಿಲ್ಲ.

"ಈ ಹೊತ್ನಲ್ಲಿ ಮೀನಿಗೆ ಊಟ ಹಾಕ್ಬೇಡ ಕಣಮ್ಮ."

"ಮೀನಿಗೆ ಬೆಳಿಗ್ಗೇನೇ ಹಾಕ್ತೀನಿ ಅತ್ತೆ. ಲೈಟು ಗಿಡಕ್ಕೆ. ಬೆಳಕೇ ಅವಕ್ಕೆ ಊಟ."

ಅಲ್ಲೇ ಎಡವಿದೆ.

"ಅಂದ್ರೆ ಮೊನ್ನೆಯಿಂದ ಗಿಡಗಳೂ ರಾತ್ರಿ ಉಣ್ತಿದ್ವಾ?"

ನಾನೂ ಬಿಡಲಿಲ್ಲ. "ನಾನು ರಾತ್ರಿ ಉಣ್ಣಲ್ವಾ? ನೀವೇ ಬಡಿಸ್ತೀರಲ್ಲ."

"ನೀನು ಹೊರಗೆ ದುಡಿದು ಬತ್ತೀಯ. ಇವು ದಿನವೆಲ್ಲ ಮನೇಲೇ ಇರ್ತವೆ. ಹಗಲೊತ್ತು ಉಣ್ಣಕ್ಕೆ ಇವಕ್ಕೇನು ದಾಡಿ?"

ಆ ಗಿಡಗಳನ್ನು ತೊಟ್ಟಿ ತುಂಬ ಹಬ್ಬಿಸದೆ ನಾನು ಬಿಡುವವಳಲ್ಲ. ಲೈಟಿನ ಟೈಮರನ್ನು ಹಗಲಿಗೆ ತಿರುಗಿಸಿದೆ. ಹೊಸ ಚಿಗುರು ಬಂದಿದೆಯಾ ನೋಡೋಣ ಎಂದು ಮೊಬೈಲ್ ಟಾರ್ಚ್ ಹಿಡಿದು ಬಗ್ಗಿದ್ದೆ ಅಷ್ಟೇ, ಕೋಣೆಯೊಳಗಿಂದ ಅತ್ತೆಯ ದನಿ ಬಂತು.

"ಏನ್ ಕಣೇ, ಕದ್ದು ಉಣ್ಣಿಸ್ತಿದ್ದೀಯಾ?"